ಸೀರೆಯ ಬಣ್ಣ ಎಲ್ಲಿದೆ?

ದೊಡ್ಡಪ್ಪ: ಹೋದ ವಾರ ಒಬ್ಬರು ಸೀರೆ, ರವಿಕೆ ಕಣ ಎರಡನ್ನೂ ತಂದು ಗಲ್ಲಾದ ಮುಂದೆ ಹರಡಿದರು. “ಬೇರೆ ಕಣ ಕೊಟ್ಟುಬಿಟ್ಟಿದ್ದೀರಿ” ಅಂತ ಜಗಳ. ಮ್ಯಾಚಿಂಗ್ ನೋಡಿ ಕೊಟ್ಟವನು ನಾನೇ. ಅಂಗಡಿಯ ದೀಪದ ಕೆಳಗೆ ಇಟ್ಟರೆ ಈಗಲೂ ಎರಡೂ ಒಂದೇ ಹಸಿರು. ಬಾಗಿಲಾಚೆ ಬಿಸಿಲಿಗೆ ಹಿಡಿದೆ ನೋಡು, ಕಣ ಬೂದಿ ಬಣ್ಣಕ್ಕೆ ತಿರುಗಿಬಿಡ್ತು. ಇಷ್ಟು ವರ್ಷ ಚಿಕ್ಕಪೇಟೆಯಲ್ಲಿ ಬಟ್ಟೆ ಮುಟ್ಟಿದ ಕೈಗೆ ಅವಮಾನ.

ನಾನು: ನಿಮ್ಮ ಕಣ್ಣಿನ ದೋಷ ಅಲ್ಲ ದೊಡ್ಡಪ್ಪ, ಎಲ್ಲರ ಕಣ್ಣೂ ಅಷ್ಟೇ. ಕಣ್ಣಿನ ಹಿಂಪರದೆಯಲ್ಲಿ ಬಣ್ಣಕ್ಕೆ ಅಂತ ಇರೋದು ಮೂರು ಬಗೆಯ ಕೋಶ. ಒಂದು ಬಗೆ 420 ನ್ಯಾನೋಮೀಟರ್ ಹತ್ತಿರದ ಬೆಳಕಿಗೆ ಹೆಚ್ಚು ಮಿಡಿಯುತ್ತೆ, ಇನ್ನೊಂದು 530ರ ಹತ್ತಿರ, ಮತ್ತೊಂದು 560ರ ಹತ್ತಿರ. ಬಟ್ಟೆಯಿಂದ ನೂರು ಥರದ ತರಂಗ ಬಂದರೂ ಕಣ್ಣು ಅದನ್ನೆಲ್ಲ ಮೂರು ಅಂಕಿಗೆ ಇಳಿಸಿ ಮಿದುಳಿಗೆ ಕಳಿಸುತ್ತೆ. ಎರಡು ಬೇರೆ ಬೇರೆ ಬಣ್ಣದ ಪುಡಿ, ಬೆಳಕನ್ನು ಬೇರೆ ಬೇರೆ ಥರ ವಾಪಸ್ ಕಳಿಸಿದರೂ, ಒಂದು ದೀಪದ ಕೆಳಗೆ ಅದೇ ಮೂರು ಅಂಕಿ ಬರಬಹುದು. ದೀಪ ಬದಲಾದರೆ ಗುಟ್ಟು ರಟ್ಟು.

ದೊಡ್ಡಪ್ಪ: ಅದಕ್ಕೇ ನಮ್ಮಲ್ಲಿ ಹಳಬರು ಸೀರೆ ಹಿಡಿದುಕೊಂಡು ಬೀದಿಗೆ ಬರೋದು. ಬಿಸಿಲು ಹೇಳಿದ್ದು ನಿಜವಾದ ಬಣ್ಣ.

ನಾನು: ಬಿಸಿಲನ್ನು ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸಿದ್ದು ನಾವೇ ಅಲ್ವಾ? ಬೆಳಗಿನ ಬಿಸಿಲು ಬೇರೆ, ಮೋಡ ಕವಿದ ಹಗಲು ಬೇರೆ. ನೇರ ಹೇಳಬೇಕಂದ್ರೆ ನಿಜವಾದ ಬಣ್ಣ ಅನ್ನೋದು ಯಾವುದೂ ಇಲ್ಲ. ಸೀರೆಯಲ್ಲಿ ಇರೋದು ರೇಷ್ಮೆ, ಅದಕ್ಕೆ ಕಚ್ಚಿಕೊಂಡ ಬಣ್ಣದ ಅಣುಗಳು. ಹಸಿರು ಅನ್ನೋದು ನೋಡುವವರ ಕಡೆ ಆಗುವ ಸಂಗತಿ. ಗೆಲಿಲಿಯೋ 1623ರಲ್ಲೇ ಬರೆದ: ಜೀವ ಇರುವ ಪ್ರಾಣಿಯನ್ನು ತೆಗೆದುಬಿಟ್ಟರೆ ಬಣ್ಣ, ರುಚಿ, ವಾಸನೆ ಎಲ್ಲ ಅದರ ಜೊತೆಗೇ ಹೋಗುತ್ತೆ, ಉಳಿಯೋದು ಆಕಾರ, ಗಾತ್ರ, ಚಲನೆ ಮಾತ್ರ ಅಂತ. ಬೆಳಕಿನ ಕಿರಣಕ್ಕೂ ಬಣ್ಣ ಇಲ್ಲ ಅಂತ ನ್ಯೂಟನ್ ಹೇಳಿದ.

ದೊಡ್ಡಪ್ಪ: ಅಲ್ಲಿಗೆ ಇಷ್ಟು ವರ್ಷ ಇಲ್ಲದ ವಸ್ತು ಮಾರಿ ದುಡ್ಡು ಎಣಿಸಿದೆ ಅಂತಾಯ್ತು. ಮದುವೆ ಸೀಸನ್‌ನಲ್ಲಿ ರಾಣಿ ಬಣ್ಣಕ್ಕೆ ಕಿತ್ತಾಡ್ತಾರಲ್ಲ, ಅವರಿಗೆಲ್ಲ ಹೇಳು ಇದನ್ನ.

ನಾನು: ರಾಣಿ ಬಣ್ಣದ ಕತೆ ಇನ್ನೂ ಚೆನ್ನಾಗಿದೆ. ಕಾಮನಬಿಲ್ಲಿನಲ್ಲಿ ಹುಡುಕಿ, ಸಿಗಲ್ಲ. ಆ ಬಣ್ಣಕ್ಕೆ ತನ್ನದು ಅಂತ ಒಂದು ತರಂಗವೇ ಇಲ್ಲ. ಕೆಂಪಿನ ತುದಿಯ ಬೆಳಕು, ನೀಲಿಯ ತುದಿಯ ಬೆಳಕು ಒಟ್ಟಿಗೆ ಬಂದು ನಡುವಿನ ಹಸಿರು ಬರದೇ ಹೋದಾಗ ಮಿದುಳು ಕಟ್ಟಿಕೊಳ್ಳುವ ಬಣ್ಣ ಅದು.

ದೊಡ್ಡಪ್ಪ: ನಿಲ್ಲು. ನೀನು ಸುಲಭವಾಗಿ ಬಣ್ಣವನ್ನು ಕಣ್ಣಿಗೆ ದಾನ ಕೊಟ್ಟು, ಆಕಾರ, ಗಾತ್ರವನ್ನು ಸೀರೆಗೆ ಉಳಿಸಿದೆ. ಬಣ್ಣ ಇಲ್ಲದ ಅಂಚನ್ನು ಯಾವತ್ತಾದರೂ ನೋಡಿದ್ದೀಯಾ? ಅಂಚು ಕಾಣೋದೇ ಬಣ್ಣ ಬದಲಾದ ಜಾಗದಲ್ಲಿ. ಬಣ್ಣ ಮನಸ್ಸಿನದು ಅಂದಮೇಲೆ ಅಂಚೂ ಮನಸ್ಸಿನದು. ಉದ್ದ, ಅಗಲ? ನನಗೆ ಐದೂವರೆ ಗಜದ ಸೀರೆ. ಅದರ ಮಡಿಕೆಯೊಳಗಿನ ನುಸಿಗೆ ಅದೊಂದು ಸೀಮೆ. ಯಾರ ಅಳತೆ ಸೀರೆಯ ಸ್ವಂತದ್ದು?

ನಾನು: ಇದು ಬರ್ಕ್ಲಿಯ ವಾದ. 1713ರಲ್ಲಿ ಆತನೂ ಇಬ್ಬರ ಮಾತುಕತೆಯ ರೂಪದಲ್ಲೇ ಬರೆದ, ಅಲ್ಲೂ ನುಸಿಯ ಉದಾಹರಣೆ ಬರುತ್ತೆ. ನೀವು ಯಾವಾಗ ಓದಿದ್ರಿ?

ದೊಡ್ಡಪ್ಪ: ಯಾರಮ್ಮ ಅವನು? ನಾನು ಹೇಳ್ತಿರೋದು ವಿಜ್ಞಾನವಾದಿ ಬೌದ್ಧರ ಮಾತು. ಉಡುಪಿ ಕಡೆಯ ವಿದ್ವಾಂಸರ ಪ್ರವಚನದಲ್ಲಿ ಕೇಳಿದ್ದು. ಅವರ ಹೆಚ್ಚಿನ ಚರ್ಚೆಗೆ ಉದಾಹರಣೆ ಏನು ಗೊತ್ತಾ? ನಿನ್ನ ಕ್ಷೇತ್ರದ್ದೇ, ನೀಲಿ ಬಣ್ಣ. ನೀಲಿ, ನೀಲಿಯ ಅರಿವು, ಇವೆರಡು ಯಾವತ್ತೂ ಜೊತೆಯಾಗೇ ಸಿಗುತ್ತೆ. ಅರಿವಿಗೆ ಬಾರದ ನೀಲಿಯನ್ನು ಯಾರೂ ತಂದು ತೋರಿಸಿಲ್ಲ. ಬಿಡಿಸಿ ಕೊಡಲಾಗದ್ದನ್ನು ಎರಡು ಅಂತ ಯಾಕೆ ಎಣಿಸಬೇಕು, ಒಂದೇ ಅನ್ನಿ ಅಂದ ಧರ್ಮಕೀರ್ತಿ.

(ನಮ್ಮ ದೊಡ್ಡಪ್ಪ ಹುಟ್ಟಿನಿಂದ ಮಾಧ್ವರು, ಜಗತ್ತು ಸತ್ಯ ಅನ್ನುವ ಪಕ್ಷ. ಆದರೆ ಪ್ರವಚನ ಕೇಳಿ ಬೆಳೆದವರಿಗೆ ಒಂದು ಚಟ ಅಂಟುತ್ತದೆ: ಎದುರಾಳಿಯ ಮಾತನ್ನು ಎದುರಾಳಿಗಿಂತ ಸೊಗಸಾಗಿ ಹೇಳುವುದು. ಪೂರ್ವಪಕ್ಷ ಸಪ್ಪೆಯಾದರೆ ಸಿದ್ಧಾಂತಕ್ಕೆ ರುಚಿಯಿಲ್ಲ ಎಂದು ನಂಬಿದವರು. ಈಗಿನ ಟಿವಿ ಚರ್ಚೆಗಳನ್ನು ನೋಡಿದಾಗಲೆಲ್ಲ ನನಗೆ ಆ ಚಟದ ನೆನಪಾಗುತ್ತದೆ.)

ನಾನು: ಜೊತೆಯಾಗೇ ಸಿಗುತ್ತೆ ಅಂದ ಮಾತ್ರಕ್ಕೆ ಒಂದೇ ಹೇಗಾಗುತ್ತೆ? ಬೆಳಕಿಲ್ಲದೆ ಸೀರೆ ಕಾಣಲ್ಲ. ಹಾಗಂತ ಸೀರೆಯೇ ಬೆಳಕಲ್ಲ.

ದೊಡ್ಡಪ್ಪ: ಸರಿಯಾದ ಏಟು. ಶಂಕರಾಚಾರ್ಯರೂ ಆ ದಾರಿಯಲ್ಲೇ ಹೋದರು. ಬ್ರಹ್ಮಸೂತ್ರದ ಎರಡನೇ ಅಧ್ಯಾಯದ ಭಾಷ್ಯದಲ್ಲಿ ಅವರು ಹೇಳೋದು: ಕಂಬ, ಗೋಡೆ, ಮಡಕೆ, ಬಟ್ಟೆ ಅಂತ ಜನ ಅರಿಯೋದು ವಸ್ತುವನ್ನು. “ನನಗೆ ಅರಿವು ಕಂಡಿತು” ಅಂತ ಯಾರೂ ಅನ್ನಲ್ಲ. ಹೊಟ್ಟೆ ತುಂಬ ಉಂಡು ತೇಗಿ “ನಾನು ಉಣ್ಣಲೇ ಇಲ್ಲ” ಅಂದ ಹಾಗೆ ಇವರ ಮಾತು ಅಂತ ಚುಚ್ಚುತ್ತಾರೆ. ಜಗತ್ತು ಮಿಥ್ಯೆ ಅಂದವರೇ ಇಲ್ಲಿ ಕಂಬ, ಗೋಡೆಯ ವಕಾಲತ್ತು ವಹಿಸಿದ್ದು ನೋಡಿ ನಮ್ಮ ಕಡೆಯವರಿಗೆ ಒಳಗೊಳಗೇ ಖುಷಿ.

ನಾನು: ಅವರ ಮಿಥ್ಯೆ ಅಂದ್ರೆ ಮನಸ್ಸಿನ ಕಲ್ಪನೆ ಅಂತಲ್ಲವಲ್ಲ. ವ್ಯವಹಾರದ ಮಟ್ಟದಲ್ಲಿ ಬಟ್ಟೆ ಬಟ್ಟೆಯೇ. ಅಷ್ಟಕ್ಕೆ ಖುಷಿಪಡೋದು ಸ್ವಲ್ಪ ಅನ್ಯಾಯ.

ದೊಡ್ಡಪ್ಪ: ಇರಲಿ ಬಿಡು, ಮನೆಜಗಳ. ಈಗ ನಿನ್ನ ಉತ್ತರ ಹೇಳು. ಸೀರೆಯಲ್ಲಿ ಬಣ್ಣ ಇಲ್ಲ ಅಂದವಳು ನೀನು. ನೋಟವನ್ನೆಲ್ಲ ಕಳೆದರೆ ಸೀರೆಯ ಪಾಲಿಗೆ ಉಳಿಯೋದೇನು?

ನಾನು: ನಿಮ್ಮ ರವಿಕೆ ಕಣದ ಜಗಳದಲ್ಲೇ ಉತ್ತರ ಇದೆ. ಅಂಗಡಿಯ ದೀಪದ ಕೆಳಗೆ ನಿಮಗೆ, ಗಿರಾಕಿಗೆ, ಪಕ್ಕದಲ್ಲಿ ನಿಂತವರಿಗೆ ಎಲ್ಲರಿಗೂ ಎರಡೂ ಒಂದೇ ಥರ ಕಂಡಿತು. ಕಾಣುವುದೇ ಇರುವುದು ಅನ್ನೋದಾದರೆ ಆ ಹೊತ್ತಿಗೆ ಎರಡರ ಬಣ್ಣದಲ್ಲಿ ವ್ಯತ್ಯಾಸವೇ ಇರಲಿಲ್ಲ ಅನ್ನಬೇಕು. ಆದರೆ ವ್ಯತ್ಯಾಸ ಇತ್ತು. ಬಣ್ಣದ ತೊಟ್ಟಿಯಿಂದ ಎದ್ದ ದಿನದಿಂದಲೂ ಇತ್ತು. ಯಾರೂ ಕಾಣದ, ಕಾಣಬಹುದು ಅಂತ ಯಾರೂ ಊಹಿಸದ ಒಂದು ಭೇದ ಆ ಎರಡು ಬಟ್ಟೆಗಳ ನಡುವೆ ಸುಮ್ಮನೆ ಕೂತಿತ್ತು. ಬೀದಿಯ ಬಿಸಿಲು ಅದನ್ನು ಹುಟ್ಟಿಸಲಿಲ್ಲ. ಹಸಿರನ್ನು ನಾನು ಕಣ್ಣಿಗೆ ಬಿಟ್ಟುಕೊಡ್ತೀನಿ, ಆ ಭೇದವನ್ನು ಬಿಡಲ್ಲ.

ದೊಡ್ಡಪ್ಪ: ಭೇದ ಸತ್ಯ ಅಂತ ನೀನಾಗಿ ಬಂದು ಒಪ್ಪಿಕೊಂಡೆಯಲ್ಲ! ಮಧ್ವಾಚಾರ್ಯರ ಐದು ಭೇದದಲ್ಲಿ ಇದೂ ಒಂದು, ಜಡಕ್ಕೂ ಜಡಕ್ಕೂ ಇರುವ ಭೇದ. ಪಾಜಕದಲ್ಲಿ ಹುಟ್ಟಿದವರ ಮಾತಿಗೆ ಪ್ರಯೋಗಶಾಲೆಯ ಮೊಹರು ಬಿತ್ತು.

ನಾನು: ಅಷ್ಟು ಬೇಗ ಮೊಹರು ಒತ್ತಬೇಡಿ. ಇದಕ್ಕೆ ನಿಮ್ಮ ಬೌದ್ಧ ಏನಂತಾನೆ?

ದೊಡ್ಡಪ್ಪ: ಕೇಳು. “ಒಳಗೆ ಒಂದು ಅರಿವು ಬಂತು, ಬೀದಿಯಲ್ಲಿ ಇನ್ನೊಂದು ಅರಿವು ಬಂತು. ಎರಡನೆಯದು ಬಂದಮೇಲೆ, ಭೇದ ಮೊದಲೇ ಇತ್ತು ಅನ್ನುವ ಮೂರನೆಯ ಅರಿವು ಬಂತು. ಇದರಲ್ಲಿ ಬಟ್ಟೆ ಎಲ್ಲಿ ಬಂತು?” ಅರಿವಿನ ಹೊಳೆಯಲ್ಲಿ ವಾಸನೆ ಅಂತ ಬೀಜಗಳಿರ್ತಾವೆ, ಕಾಲ ಕೂಡಿದಾಗ ಒಂದೊಂದು ಮೊಳೆಯುತ್ತೆ, ಅಷ್ಟೇ.

ನಾನು: ನನ್ನ ಬೀಜ, ನಿಮ್ಮ ಬೀಜ, ಆ ಗಿರಾಕಿಯ ಬೀಜ ಮೂರೂ ಒಂದೇ ಬಾಗಿಲಲ್ಲಿ, ಒಂದೇ ಗಳಿಗೆಯಲ್ಲಿ, ಒಂದೇ ಬೂದಿ ಬಣ್ಣಕ್ಕೆ ಮೊಳೆತವಾ?

ದೊಡ್ಡಪ್ಪ: ಈ ಪ್ರಶ್ನೆಯನ್ನು ವಸುಬಂಧು ತಾನೇ ಎತ್ತಿಕೊಂಡ. ವಿಂಶತಿಕಾ ಅಂತ ಪುಟ್ಟ ಗ್ರಂಥ. ಹೊರಗೆ ವಸ್ತು ಇಲ್ಲದಿದ್ದರೆ ಇಂಥ ಜಾಗದಲ್ಲೇ, ಇಂಥ ಹೊತ್ತಿಗೇ ಯಾಕೆ ಕಾಣಬೇಕು, ಒಬ್ಬನಿಗಲ್ಲದೆ ಎಲ್ಲರಿಗೂ ಯಾಕೆ ಕಾಣಬೇಕು ಅಂತ. ಉತ್ತರವೂ ಕೊಟ್ಟ. ಕನಸಿನಲ್ಲೂ ಜಾಗ, ಹೊತ್ತು ಇರುತ್ತೆ. ಇನ್ನು ಎಲ್ಲರಿಗೂ ಕಾಣೋದಕ್ಕೆ, ಒಂದೇ ಥರದ ಕರ್ಮ ಮಾಡಿದ ಪ್ರೇತಗಳಿಗೆಲ್ಲ ನೀರಿನ ಹೊಳೆ ಕೀವಿನ ಹೊಳೆಯಾಗಿ ಕಾಣುತ್ತಂತೆ. ಎಲ್ಲ ಸೇರಿ ನೋಡಿದ ಮಾತ್ರಕ್ಕೆ ಕೀವು ಅಲ್ಲಿದೆ ಅನ್ನೋಣವೇ?

ನಾನು: ಪ್ರೇತಗಳ ಸಾಕ್ಷಿ ಬೇಡ, ಮನುಷ್ಯನೊಬ್ಬನ ಕತೆ ಹೇಳ್ತೀನಿ. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಗೊತ್ತಲ್ಲ. ಜೆರೇನಿಯಂ ಜಾತಿಯ ಒಂದು ಹೂ ಊರಿಗೆಲ್ಲ ಗುಲಾಬಿ ಬಣ್ಣದ್ದು. ಅವನಿಗೆ ಹಗಲಲ್ಲಿ ಆಕಾಶನೀಲಿ. 1792ರಲ್ಲಿ ಒಂದು ರಾತ್ರಿ ಮೇಣದಬತ್ತಿಯ ಬೆಳಕಿನಲ್ಲಿ ಅದೇ ಹೂ ಕೆಂಪಾಗಿ ಕಂಡಿತು. ಗೆಳೆಯರನ್ನು ಕೇಳಿದ, ಅವರಿಗೆ ಅಂಥ ಬದಲಾವಣೆಯೇ ಕಂಡಿರಲಿಲ್ಲ. ಅಣ್ಣನ ಹೊರತು ಅಂತ ಒಂದು ಮಾತು ಸೇರಿಸಬೇಕು, ಒಡಹುಟ್ಟಿದವನಿಗೂ ಇವನ ಹಾಗೇ ಕಾಣುತ್ತಿತ್ತು.

ದೊಡ್ಡಪ್ಪ: ಬಣ್ಣಗುರುಡು. ನಮ್ಮ ಅಂಗಡಿಯಲ್ಲೂ ಒಬ್ಬ ಹುಡುಗ ಇದ್ದ. ಕೆಂಪು ಕೇಳಿದರೆ ಹಸಿರು ತೆಗೀತಿದ್ದ. ಸೋಮಾರಿ ಅಂತ ಬೈಸಿಕೊಂಡ ಪಾಪ.

ನಾನು: ಡಾಲ್ಟನ್ 1794ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಇದರ ಮೇಲೆ ಪ್ರಬಂಧ ಓದಿದ. ಅವನ ವಿವರಣೆ: ನನ್ನ ಕಣ್ಣುಗುಡ್ಡೆಯೊಳಗಿನ ದ್ರವ ನೀಲಿಯಾಗಿರಬೇಕು, ಅದು ಕೆಂಪನ್ನು ಹೀರಿಕೊಳ್ಳುತ್ತಿರಬೇಕು. ಸತ್ತ ಮೇಲೆ ನನ್ನ ಕಣ್ಣನ್ನು ಕೊಯ್ದು ನೋಡಿ ಅಂತ ಹೇಳಿಟ್ಟ. 1844ರಲ್ಲಿ ವೈದ್ಯರು ಕೊಯ್ದು ನೋಡಿದರೆ ದ್ರವ ತಿಳಿಯಾಗೇ ಇತ್ತು. ಕಣ್ಣಿನ ಉಳಿದ ಚೂರನ್ನು ಎತ್ತಿಟ್ಟಿದ್ದರು. 1995ರಲ್ಲಿ ಅದರ ಡಿಎನ್‌ಎ ಪರೀಕ್ಷೆ ಆಯ್ತು. ನಡುವಿನ ತರಂಗಕ್ಕೆ ಮಿಡಿಯುವ ವರ್ಣದ್ರವ್ಯದ ಜೀನ್ ಅವನಲ್ಲಿ ಇರಲೇ ಇಲ್ಲ. ಇದರಲ್ಲಿ ನನಗೆ ಮುಖ್ಯವಾದದ್ದು ಏನಂದ್ರೆ, ಡಾಲ್ಟನ್‌ಗೆ ತನ್ನ ನೋಟದೊಳಗೆ ಏನೂ ಕಳೆದುಹೋದ ಹಾಗೆ ಅನ್ನಿಸಿರಲಿಲ್ಲ. ಅವನ ಅರಿವಿನ ಲೋಕ ತುಂಬಿತ್ತು. ಕೊರತೆ ಇದ್ದದ್ದು ಅರಿವಿಗೆ ಸಿಗದ ಕಡೆ. ಕೊನೆಗೆ ತನ್ನ ಕಣ್ಣಿನ ಬಗ್ಗೆಯೇ ಅವನು ಹಾಕಿದ ಲೆಕ್ಕವನ್ನು ಕಣ್ಣೇ ಸುಳ್ಳು ಮಾಡಿತು, ಅದೂ ನೋಡುವವನು ಹೋದಮೇಲೆ. ಬರೀ ನನ್ನ ಅರಿವಿನಿಂದಲೇ ಆದ ಲೋಕ ನನ್ನನ್ನು ಹೀಗೆ ಸೋಲಿಸಬಾರದಲ್ಲ?

ದೊಡ್ಡಪ್ಪ: ಸೋಲಿಸುವುದು ಇದೆಯಲ್ಲ, ಅದು ಒಳ್ಳೇ ಗುರುತು. ಆದರೆ ಕನಸಿನಲ್ಲೂ ನಾನು ಎಷ್ಟೋ ಸಲ ಸೋತಿದ್ದೀನಿ. ಪರೀಕ್ಷೆ ಹಾಲ್‌ಗೆ ಹೋಗ್ತೀನಿ, ಪೆನ್ ಇರಲ್ಲ.

ನಾನು: ಕನಸಿನ ಸೋಲನ್ನು ನಾಳಿನ ಕನಸಿನಲ್ಲಿ ತನಿಖೆ ಮಾಡೋಕೆ ಆಗಲ್ಲ. ನಿಮಗೆ ಇಷ್ಟವಾಗುವ ಇನ್ನೊಂದು ತನಿಖೆ ಇದೆ. ಪ್ಯಾರಿಸ್‌ನಲ್ಲಿ ಗೋಬೆಲಿನ್ ಅಂತ ರಾಜಮನೆತನದ ಕಾಲದಿಂದ ಬಂದ ನೇಯ್ಗೆಯ ಕಾರ್ಖಾನೆ. 1824ರಲ್ಲಿ ಅಲ್ಲಿನ ಬಣ್ಣದ ವಿಭಾಗಕ್ಕೆ ಶೆವ್ರೋಲ್ ಅನ್ನೋ ರಸಾಯನಶಾಸ್ತ್ರಜ್ಞ ಬಂದ. ನೇಕಾರರ ದೂರು: ನಿಮ್ಮ ಕಪ್ಪು ದಾರ ಸರಿಯಿಲ್ಲ, ನೀಲಿ, ನೇರಳೆಯ ಪಕ್ಕ ಹಾಕಿದರೆ ಪೇಲವ ಆಗುತ್ತೆ. ಅವನು ಬೇರೆ ಬೇರೆ ಕಡೆಯ ಕಪ್ಪು ದಾರ ತರಿಸಿ ಹೋಲಿಸಿದ. ದಾರದಲ್ಲಿ ದೋಷ ಇಲ್ಲ. ಪಕ್ಕದ ಬಣ್ಣ ಕಣ್ಣನ್ನು ಎಳೆದಾಡುತ್ತೆ, ಅಷ್ಟೇ. ಅದರಿಂದ 1839ರಲ್ಲಿ ಒಂದು ದೊಡ್ಡ ಪುಸ್ತಕವೇ ಬಂತು, ಚಿತ್ರಕಾರರೂ ಓದಿದರು. ಆತ ನೂರು ದಾಟಿ ಬದುಕಿದ.

ದೊಡ್ಡಪ್ಪ: ಇದು ನಿತ್ಯದ ಕತೆ ಕಣೆ. ಕಪ್ಪು ಸೀರೆಗೆ ಯಾವ ಅಂಚು ಅಂತ ಮಗ್ಗದವರ ಜೊತೆ ಎಷ್ಟು ವಾದ! ನೇರಳೆ ಅಂಚು ಹಾಕಿದರೆ ಒಡಲು ಹಳೇದಾದ ಹಾಗೆ ಕಾಣುತ್ತೆ. ಬಟ್ಟೆ ಮುಟ್ಟುವವರಿಗೆ ಗೊತ್ತು, ಪುಸ್ತಕ ಬರೀಲಿಲ್ಲ ಅಷ್ಟೇ. ಅಲ್ಲ, ಅವನ ಕತೆ ನಿನಗೇ ಉರುಳಾಗುತ್ತೆ ನೋಡು. ದಾರ ಬದಲಾಗದೆ ಕಪ್ಪು ಬದಲಾಯ್ತು.

ನಾನು: ಹೌದು. ಆದರೆ ದಾರದ್ದು ಎಷ್ಟು, ಕಣ್ಣಿನದು ಎಷ್ಟು ಅಂತ ಬೇರ್ಪಡಿಸೋಕೆ ಅವನಿಗೆ ಸಾಧ್ಯವಾಯ್ತಲ್ಲ? ಎಲ್ಲವೂ ಕಣ್ಣಿನದೇ ಆಗಿದ್ದರೆ ಈ ಲೆಕ್ಕವೇ ಹುಟ್ಟುತ್ತಿರಲಿಲ್ಲ. ಎಲ್ಲವೂ ದಾರದ್ದೇ ಆಗಿದ್ದರೆ ನೇಕಾರರು ಸುಳ್ಳು ಹೇಳಿದರು ಅನ್ನಬೇಕಿತ್ತು. ಅವರೂ ಕಂಡದ್ದನ್ನೇ ಹೇಳಿದರು. ನನಗೆ ಬರ್ಕ್ಲಿಗಿಂತ, ಅವನನ್ನು ಅಲ್ಲಗಳೆಯೋಕೆ ಕಲ್ಲಿಗೆ ಒದ್ದ ಡಾಕ್ಟರ್ ಜಾನ್ಸನ್‌ಗಿಂತ ಈ ಬಣ್ಣದ ಮೇಷ್ಟ್ರೇ ದೊಡ್ಡ ತತ್ವಜ್ಞಾನಿ ಅನ್ನಿಸ್ತಾನೆ.

ದೊಡ್ಡಪ್ಪ: ಒದ್ದು ಏನು ಸಾಧಿಸಿದ? ಕಾಲು ನೋವೂ ಒಂದು ಅರಿವು ತಾನೆ.

ನಾನು: ಅದೇ. ಒದೆ ಒಂದೇ ಸಲದ್ದು. ಶೆವ್ರೋಲ್ ಪಕ್ಕದ ಬಣ್ಣ ಬದಲಿಸಿ ಬದಲಿಸಿ ನೋಡಿದ. ನಮ್ಮ ರಾಮನ್ ಅವರಿಗೂ ಇದೇ ಗೀಳು. ಸಮುದ್ರದ ನೀಲಿ ಎಲ್ಲಿಂದ ಬಂತು ಅಂತ ಶುರುಮಾಡಿದವರು, ಕೊನೆಗಾಲದಲ್ಲಿ ಇಲ್ಲೇ ಬೆಂಗಳೂರಿನ ತಮ್ಮ ಸಂಸ್ಥೆಯಲ್ಲಿ ಹೂವಿನ ಬಣ್ಣ, ಕಣ್ಣಿನ ನೋಟ ಅಂತ ಕೂತರು. 1968ರಲ್ಲಿ ದೃಷ್ಟಿಯ ಬಗ್ಗೆ ಪುಸ್ತಕ ಬಂತು. ಮೂರು ಬಗೆಯ ಕೋಶದ ವಿವರಣೆಯನ್ನು ಅವರು ಒಪ್ಪಲಿಲ್ಲ. ವಿಜ್ಞಾನ ಲೋಕ ಅವರ ಮಾತನ್ನು ಒಪ್ಪಲಿಲ್ಲ. ಬೆಳಕಿನಿಂದ ಹೊರಟವರು ಕಣ್ಣಿಗೆ ಬಂದು ನಿಂತರು ಅನ್ನೋದು ಮಾತ್ರ ನನಗೆ ತುಂಬ ಇಷ್ಟ.

ದೊಡ್ಡಪ್ಪ: ನೀನು ಬಣ್ಣವನ್ನು ಇನ್ನೂ ಅನಾಥ ಮಾಡಿಯೇ ಇಟ್ಟಿದ್ದೀಯ. ನನ್ನ ಮಾತು ಕೇಳು. ಮಧ್ವಮತದಲ್ಲಿ ತತ್ವ ಎರಡು: ಸ್ವತಂತ್ರ, ಪರತಂತ್ರ. ಸ್ವತಂತ್ರ ಅಂದರೆ ವಿಷ್ಣು ಒಬ್ಬನೇ. ಮಿಕ್ಕ ಜೀವ, ಜಡ ಎಲ್ಲವೂ ಪರತಂತ್ರ. ಪರತಂತ್ರ ಅಂತ ಹೇಳಿ ಸುಳ್ಳು ಅನ್ನಲಿಲ್ಲ, ಸತ್ಯ ಅಂತಲೇ ಪಟ್ಟು ಹಿಡಿದರು. ನಿಮ್ಮ ಗೆಲಿಲಿಯೋ ಬಣ್ಣ ಕಣ್ಣನ್ನು ಆಶ್ರಯಿಸಿದೆ ಅಂತ ಕಂಡುಹಿಡಿದ, ಸರಿ. ಅಷ್ಟಕ್ಕೇ ಇಲ್ಲ ಅಂತ ಯಾಕೆ ತೀರ್ಪು ಕೊಡಬೇಕು? ಬಟ್ಟೆ, ಬೆಳಕು, ಕಣ್ಣು ಮೂರನ್ನೂ ಆಶ್ರಯಿಸಿ ಹಸಿರು ಇದೆ. ಆಶ್ರಯ ತಪ್ಪಿದರೆ ಇಲ್ಲ. ಇರುವಷ್ಟು ಹೊತ್ತು ನಿಜವಾಗಿಯೇ ಇದೆ.

ನಾನು: ಮಧ್ವರು ಹೇಳಿದ ಆಶ್ರಯ ದೇವರ ಮೇಲಿನದು, ಗಿರಾಕಿಯ ಕಣ್ಣಿನ ಮೇಲಿನದಲ್ಲ. ನೀವು ಬಟ್ಟೆಯನ್ನು ಎಳೆದು ಗಜ ಹೆಚ್ಚು ಮಾಡ್ತಿದ್ದೀರಿ.

ದೊಡ್ಡಪ್ಪ: ಎಳೆದೆ, ಒಪ್ಪಿದೆ. ಯಾವ ವಿದ್ವಾಂಸರೂ ಇದನ್ನು ಮಧ್ವಸಿದ್ಧಾಂತ ಅನ್ನಲ್ಲ. ಆದರೂ ಆಶ್ರಯಿಸಿದ್ದೆಲ್ಲ ಸುಳ್ಳು ಅನ್ನುವ ಗಂಟನ್ನು ಅವರು ಕತ್ತರಿಸಿದರಲ್ಲ, ಆ ಕತ್ತರಿ ನನಗೆ ಬೇಕು. ಆ ಕತ್ತರಿ ಇಲ್ಲದೆ ನೀನು ಹಸಿರನ್ನು ಕೈಬಿಟ್ಟೆ, ಬೌದ್ಧ ಸೀರೆಯನ್ನೇ ಕೈಬಿಟ್ಟ.

ನಾನು: ಹಾಗಾದರೆ ಹಸಿರನ್ನು ವಾಪಸ್ ತಗೋತೀನಿ. ಆದರೂ ಹಸಿರು ಮತ್ತು ಆ ಭೇದ ಒಂದೇ ಸಾಲಿನಲ್ಲಿ ಕೂರಲ್ಲ. 1930ರ ಜುಲೈನಲ್ಲಿ ಬರ್ಲಿನ್ ಹತ್ತಿರದ ಕಾಪುಟ್ ಅನ್ನೋ ಹಳ್ಳಿಯ ಮನೆಯಲ್ಲಿ ಐನ್‌ಸ್ಟೈನ್, ಟ್ಯಾಗೋರ್ ಇದೇ ವಿಷಯಕ್ಕೆ ಕೂತಿದ್ದರು. ಮನುಷ್ಯರೇ ಇಲ್ಲದಿದ್ದರೆ ಅಪೊಲೊ ಮೂರ್ತಿಯ ಚೆಲುವು ಇರುತ್ತಾ ಅಂತ ಐನ್‌ಸ್ಟೈನ್ ಕೇಳಿದರು. ಟ್ಯಾಗೋರ್ ಇರಲ್ಲ ಅಂದರು. ಐನ್‌ಸ್ಟೈನ್ ಚೆಲುವಿನ ಮಟ್ಟಿಗೆ ಒಪ್ಪಿಕೊಂಡು ಸತ್ಯದ ಮಟ್ಟಿಗೆ ಒಪ್ಪಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಮೇಜು ಇದ್ದಲ್ಲೇ ಇರುತ್ತೆ ಅಂದರು.

ದೊಡ್ಡಪ್ಪ: ಟ್ಯಾಗೋರ್ ಬಿಟ್ಟರೇ?

ನಾನು: ಬಿಡಲಿಲ್ಲ. ಮೇಜು ಒಬ್ಬೊಬ್ಬರ ಮನಸ್ಸಿನ ಹೊರಗೆ ಇರಬಹುದು, ವಿಶ್ವಮಾನವ ಮನಸ್ಸಿನ ಹೊರಗೆ ಇಲ್ಲ ಅಂದರು. ಪುಸ್ತಕ ತಿನ್ನುವ ಹುಳುವಿಗೆ ಕಾಗದ ಇದೆ, ಸಾಹಿತ್ಯ ಇಲ್ಲ ಅಂತಲೂ ಹೇಳಿದರು. ಹಾಗಿದ್ದರೆ ನಿಮಗಿಂತ ನಾನೇ ಹೆಚ್ಚು ಧಾರ್ಮಿಕ ಅಂದರು ಐನ್‌ಸ್ಟೈನ್. ಮನಸ್ಸಿನಾಚೆಯ ಸತ್ಯವನ್ನು ಸಾಧಿಸಿ ತೋರಿಸೋಕೆ ತಮಗೆ ಆಗಲ್ಲ, ಆದರೂ ನಂಬ್ತೀನಿ ಅಂದಿದ್ದರು.

ದೊಡ್ಡಪ್ಪ: ಮೇಜಿನ ಉದಾಹರಣೆ ಮೆದು. ನನ್ನನ್ನು ಕೇಳಿದ್ದರೆ ಶೋಕೇಸಿನ ಸೀರೆ ಹೇಳುತ್ತಿದ್ದೆ. ಗಾಜಿನ ಹಿಂದೆ ತೂಗುಹಾಕಿ ಹಬ್ಬದ ರಜೆಗೆ ಬಾಗಿಲು ಹಾಕ್ತೀವಿ. ಬಂದು ಬಿಚ್ಚಿದರೆ ಬಿಸಿಲು ಬಿದ್ದ ಪಟ್ಟಿ ಮಾಸಿರುತ್ತೆ, ಮಡಿಕೆಯ ಒಳಗೆ ಬಣ್ಣ ಹೊಸದಾಗಿಯೇ ಇರುತ್ತೆ. ಯಾರೂ ನೋಡದೆ ಇದ್ದಾಗ ಮೇಜು ಸುಮ್ಮನೆ ಇರುತ್ತೆ. ನನ್ನ ಸೀರೆ ಕೆಲಸ ಮಾಡಿರುತ್ತೆ, ಅದೂ ನನಗೆ ನಷ್ಟ ಆಗುವ ಕೆಲಸ.

ನಾನು: ಇದನ್ನು ಬರ್ಕ್ಲಿ ಪಾದ್ರಿಗೆ ಹೇಳಿದ್ದರೆ, ರಜೆಯಲ್ಲೂ ದೇವರು ನೋಡ್ತಾ ಇದ್ದ ಅಂತಿದ್ದ.

ದೊಡ್ಡಪ್ಪ: ದೇವರು ನೋಡಲಿ, ಬೇಡ ಅಂದವರಾರು? ಇದೆ ಅಂತ ನೋಡ್ತಾನೆ. ನೋಡೋದನ್ನು ನಿಲ್ಲಿಸಿದರೆ ಸೀರೆ ಮಾಯ ಅಂದರೆ ಅದು ಇಂದ್ರಜಾಲವಾಯ್ತು.

ನಾನು: ನನ್ನ ಕಡೆಯ ಒಂದು ತೊಡಕನ್ನೂ ಹೇಳಿಬಿಡ್ತೀನಿ. ಬೆಳಕಿನ ಒಂಟಿ ಕಣದ ಮಟ್ಟಕ್ಕೆ ಇಳಿದರೆ ನನ್ನ ಭೇದದ ಮಾತು ನಡುಗುತ್ತೆ. 1964ರಲ್ಲಿ ಜಾನ್ ಬೆಲ್ ಒಂದು ಲೆಕ್ಕ ಹಾಕಿಕೊಟ್ಟ. ಕ್ಲೌಸರ್, ಆಸ್ಪೆ, ಝೈಲಿಂಗರ್ ಪ್ರಯೋಗ ಮಾಡಿದರು, 2022ರಲ್ಲಿ ನೊಬೆಲ್ ಬಂತು. ಅಳೆಯುವ ಮೊದಲೇ ಕಣದ ಮೇಲೆ ಉತ್ತರ ಬರೆದಿರುತ್ತೆ ಅನ್ನೋದು, ದೂರದ ಅಳತೆ ಇಲ್ಲಿನ ಉತ್ತರವನ್ನು ಮುಟ್ಟಲ್ಲ ಅನ್ನೋದು, ಇವೆರಡನ್ನೂ ಒಟ್ಟಿಗೆ ಉಳಿಸಿಕೊಳ್ಳೋಕೆ ಪ್ರಯೋಗಗಳು ಬಿಡಲ್ಲ.

ದೊಡ್ಡಪ್ಪ: ಅಂದರೆ ಬುಡದಲ್ಲೇ ವಿಜ್ಞಾನವಾದಿ ಕೂತಿದ್ದಾನೆ.

ನಾನು: ಅಲ್ಲಿ ಅಳತೆ ಅಂದರೆ ಮನಸ್ಸು ಬಂದು ನೋಡೋದು ಅಂತಲ್ಲ. ಯಂತ್ರ ನೋಡಿದರೂ ಸಾಕು.

ದೊಡ್ಡಪ್ಪ: ಯಂತ್ರ ನೋಡಿತು ಅಂತ ನಿನಗೆ ಹೇಗೆ ಗೊತ್ತಾಯ್ತು?

ನಾನು: ಅದು ಬರೆದಿಟ್ಟ ದಾಖಲೆ ನೋಡಿ.

ದೊಡ್ಡಪ್ಪ: ನೋಡಿ?

ನಾನು: ಬೆಳಿಗ್ಗೆ ನೋಡಿದೆ. ದಾಖಲೆಯಲ್ಲಿದ್ದ ಸಮಯ ಹಿಂದಿನ ರಾತ್ರಿ ಎರಡೂವರೆ. ಆಗ ನಾನು ನಿದ್ದೆಯಲ್ಲಿದ್ದೆ.

ದೊಡ್ಡಪ್ಪ: ದಾಖಲೆ ಸುಳ್ಳು ಹೇಳಲ್ಲ ಅಂತ ನಂಬಿದೆ.

ನಾನು: ನಂಬದಿದ್ದರೆ ಪ್ರಯೋಗ ಮಾಡೋದು ಹೇಗೆ ದೊಡ್ಡಪ್ಪ?

ದೊಡ್ಡಪ್ಪ: ನಾನೂ ಅದನ್ನೇ ಕೇಳ್ತಿದ್ದೀನಿ. ಹೊರಗೆ ವಸ್ತು ಇದೆ ಅನ್ನೋದು ನಿನ್ನ ಪ್ರಯೋಗ ತಲುಪಿದ ಊರಾ, ಇಲ್ಲ ಹೊರಟ ಊರಾ?

ನಾನು: ಹೊರಟ ಊರು. ಆದರೆ ದಾರಿಯುದ್ದಕ್ಕೂ ಅದು ನನ್ನ ಲೆಕ್ಕವನ್ನು ತಿದ್ದುತ್ತಾ ಬಂದಿದೆ. ಬೌದ್ಧ ಹೊರಟ ಊರು ಅವನನ್ನು ಯಾವತ್ತಾದರೂ ತಿದ್ದಿದೆಯಾ ಅಂತ ನಿಮ್ಮ ವಿದ್ವಾಂಸರನ್ನು ಕೇಳಿ.

ದೊಡ್ಡಪ್ಪ: ಕೇಳ್ತೀನಿ. ಅವರು ಅವನ ಪರವಾಗಿ ಏನು ಹೇಳ್ತಾರೋ ಅದನ್ನೂ ಬಂದು ಹೇಳ್ತೀನಿ.